ಮಲ್ಟಿಕಾಸ್ಟ್ ಮಾಸ್ತರರು
ಶಿರಸಿಯ ಆ ಕಂಪ್ಯೂಟರ್ ತರಬೇತಿ ತರಗತಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್; ಕಲ್ಲಯ್ಯ ಮಾಸ್ತರರು ಎಂಟು ವರ್ಷದಿಂದ ಕಲಿಸುತ್ತಿದ್ದದ್ದು ಮಾತ್ರ ನೆಟ್‌ವರ್ಕು. “ಹೆಸರು ಕೊಟ್ಟ ಗುಂಪಿಗಷ್ಟ ಸುದ್ದಿ ಕಳಸೂದು ಮಲ್ಟಿಕಾಸ್ಟ್. ಅದರಾಗ ಮೂರು ನಮೂನಿ, ಬರಕೋರ್ರಿ” ಎಂದು ದಿನವೂ ಸೀಮೆಸುಣ್ಣ ಮುರಿಯುತ್ತಿದ್ದರು. ಒಬ್ಬ ಹೇಳಿ ಹಲವರು ಕೇಳುವುದಕ್ಕೆ ತಮ್ಮ ಪಾಠವೇ ಉದಾಹರಣೆ, ಅರ್ಧ ತರಗತಿ ತೂಕಡಿಸುತ್ತಿದ್ದರೂ. ಹಲವರು ಹೇಳಿ ಹಲವರು ಕೇಳುವುದಕ್ಕೆ ಪಂಚಾಯ್ತಿ ಸಭೆ, ಅಲ್ಲಿ ಯಾರೂ ಕೇಳದಿದ್ದರೂ. ಹಲವರು ಹೇಳಿ ಒಬ್ಬರೇ ಕೇಳುವುದಕ್ಕೆ ಉದಾಹರಣೆ ಸಿಗದೆ ಒಂದು ದಿನ ತಡವರಿಸಿದಾಗ, ಹಿಂದಿನ ಬೆಂಚಿನಲ್ಲಿ ಮಗುವನ್ನು ತಟ್ಟಿ ಮಲಗಿಸುತ್ತಿದ್ದ ವಿದ್ಯಾರ್ಥಿನಿ ದೇವಕಿ, “ಮಗು ಅತ್ರೆ ಊರೆಲ್ಲ ಬುದ್ಧಿ ಹೇಳ್ತದೆ, ಕೇಳೋದು ಬಾಣಂತಿ ಒಬ್ಳೇ ಸರ್” ಎಂದಳು. ಮರುದಿನದಿಂದ ಅದೂ ಮಾಸ್ತರರದೇ ಶೋಧ. ಪರೀಕ್ಷೆಯ ದಿನ ಅವಳ ಪಕ್ಕದಲ್ಲೇ ತಾವೂ ಪರೀಕ್ಷೆ ಬರೆಯಲು ಹಾಲ್ ಟಿಕೆಟ್ ಹಿಡಿದು ಬೆವರುತ್ತ ಕೂತವರು ಮಾಸ್ತರರೇ. “ಕಲಸೋರಿಗೂ ಈಗ ಸರ್ಟಿಫಿಕೇಟ್ ಬೇಕಂತ, ಇಲ್ಲಾಂದ್ರ ಈ ಸಲ ಕೆಲಸ ಹೋಗ್ತದ ತಂಗಿ. ಬೋರ್ಡ್ ಕಾಣದಿದ್ರ ನಂಗೇನೂ ನೆನಪಾಗಂಗಿಲ್ಲ” ಎಂದರು. “ಕಣ್ಣು ಮುಚ್ಚಿ, ನಮಗೇ ಹೇಳಿಕೊಡ್ತಾ ಇದ್ದೀರಿ ಅಂದ್ಕೊಳ್ಳಿ ಸರ್” ಎಂದಳು ದೇವಕಿ. ಮಾಸ್ತರರು ಕಣ್ಣು ಮುಚ್ಚಿದರು. ಬಲಗೈ ಮೆಲ್ಲಗೆ ಗಾಳಿಯಲ್ಲಿ ಬರೆಯತೊಡಗಿತು.