ಜೈನಬಿ ಆಪಾ ಬಡಿದು ನೋಡಿದ ಸೈಕಲ್

ನನಗ ಸಿಟ್ಟು ಮೂಗಿನ ತುದಿಗೇ ಇರ್ತದ. ನಮ್ಮ ನಾರಾಯಣಪುರದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಅಂಥಾಕಿ ಹುಮನಾಬಾದಿನ ಗುಜರಿಯಿಂದ ಬಸ್ಸಿನ ಮ್ಯಾಲ ಹೇರ್ಕೊಂಡು ಒಂದು ನೀಲಿ ಸೈಕಲ್ ತಂದೀನಿ. ತೋರಸಲಿಕ್ಕೆ ಒಯ್ದ್ರ, ಸೈಕಲ್ ತಿದ್ದೋ ಜೈನಬಿ ಆಪಾ ನನ್ನ ಒಂದು ಮಾತೂ ಕೇಳದೆ ಬ್ಲೇಡ್ ತಗೊಂಡು ಅದರ ಬಣ್ಣ ಕೆರೀಲಿಕ್ಕೆ ಕುಂತ್ರು. ಸುಮ್ಮನಿರ್ತೀನೇನು?

"ತಲಿಗಿಲಿ ಕೆಟ್ಟದೇನ್ರಿ ಆಪಾ? ಹೊಸ ಬಣ್ಣ ಅದು."

"ಅದಕ್ಕೇ ಕೆರಿಯಾಕತ್ತೇನಿ, ದ್ರೌಪತಿಬಾಯಿ. ಹಳೇ ಸೈಕಲ್‌ಗೆ ಹ್ಯಾಂಡಲ್ ಕೂಡೋ ಕುತ್ತಿಗಿ ಹತ್ರ ಮಾತ್ರ ಇಷ್ಟು ದಪ್ಪ ಬಣ್ಣ ಯಾಕ ಹಚ್ಚಿದ್ರು?" ಅಂದ್ರು. ತಲಿ ಎತ್ತಲಿಲ್ಲ.

ನನಗ ಸೈಕಲ್ ಯಾಕ ಬೇಕಿತ್ತು ಅಂದ್ರ, ನಾ ಬಸವಕಲ್ಯಾಣದಾಗ ಒಂದು ಹುಡುಗೇರ ಹಾಸ್ಟೆಲಿನ್ಯಾಗ ಅಡಿಗಿ ಮಾಡ್ತೀನಿ. ಪರೀಕ್ಷಾ ಬಂದ್ವು, ಒಂದನೇ ತಾರೀಖಿನಿಂದ ಮುಂಜಾನೆ ಆರಕ್ಕ ಒಲಿ ಹತ್ತಿರಬೇಕು ಅಂದ್ರು ವಾರ್ಡನ್ ಮೇಡಂ. ನಮ್ಮೂರಿಗೆ ಮೊದಲನೇ ಬಸ್ ಬರೂದೇ ಏಳರ ಮ್ಯಾಲ. "ಆಗಲ್ಲಂದ್ರ ಈಗೇ ಹೇಳು, ಬ್ಯಾರೆಯವರನ್ನ ನೋಡ್ತೀನಿ" ಅಂದ್ರು. ನನ್ನ ಗಂಡ ಅಂಬಾದಾಸ, "ಬಿಟ್ಟು ಬಿಡು, ಹೊಲದ ಕೂಲಿಗೆ ಹೋಗು" ಅಂದ. ಹನ್ನೊಂದು ವರ್ಷ ಆ ಅಡಿಗಿಮನಿ ನಡಿಸೀನಿ. ಬಿಡೂದಿಲ್ಲ ಅಂದೆ. ಸೈಕಲ್ ಹೊಡೀಲಿಕ್ಕೆ ಬರ್ತಿರಲಿಲ್ಲ, ಆ ಮಾತು ಬ್ಯಾರೆ.

ಆಪಾನ ವಿದ್ಯಾ ಎಲ್ಲಾ ಕಿವಿಯಿಂದ ಬಂದದ್ದು. ಬಸವಕಲ್ಯಾಣದ ಕೋಟೆ ರಸ್ತಾದಾಗ ಮುಂದ ಗಂಡ ಸಿರಾಜುದ್ದೀನನ ಸೈಕಲ್ ಅಂಗಡಿ, ಹಿಂದ ಇವರ ಅಡಿಗಿಮನಿ, ನಡುವ ಒಂದು ತಗಡು. ಮಾರಲಿಕ್ಕೆ ಬಂದ ಹಳೇ ಸೈಕಲ್‌ಗೆ ಅವ ನಟ್ಟು ಬಿಚ್ಚೋ ಪಾನಾ ತಗೊಂಡು ಬಡೀತಿದ್ದ. ಒಳಗ ರೊಟ್ಟಿ ತಟ್ಟತಿದ್ದ ಇವರು ಸಪ್ಪಳ ಕೇಳೇ, "ಅದು ಒಡದದ, ಬ್ಯಾಡ" ಅಂತಿದ್ರು. ಮೊದಮೊದಲು ಅವ ನಗತಿದ್ದ. ಬರಬರ್ತಾ ಒಳಗ ಕೇಳದೆ ಒಂದು ಸೈಕಲ್ಲೂ ಕೊಳ್ಳಲಿಲ್ಲ. ಅವ ತೀರಿಕೊಂಡ ಮ್ಯಾಲ ಆಪಾ ಆ ತಗಡು ಕಿತ್ತಿ ಒಗದು ಮುಂದ ಬಂದು ಕುಂತ್ರು. ಹೆಂಗಸಿಗೇನು ತಿಳೀತದ ಅಂದವರು ಈಗ ಸಾಲು ಹಚ್ಚಿ ನಿಂದರ್ತಾರ.

ಬಣ್ಣ ಹೋತು. ಕೆಳಗ ಸಂದು ಮುಚ್ಚೋ ಲಪ್ಪ ಮೆತ್ತಿದ್ರು. ಅದನ್ನೂ ಕೆರದ್ರೆ ಕುತ್ತಿಗಿ ಸುತ್ತ ಕೂದಲೆಳಿ ಅಷ್ಟು ಸಣ್ಣ ಬಿರುಕು.

"ಇಳಿಜಾರಿನ್ಯಾಗ ಹ್ಯಾಂಡಲ್ ಕೈಯಾಗ ಬರ್ತಿತ್ತು, ನೀವು ಡಾಂಬರಿನ ಮ್ಯಾಲ ಇರ್ತಿದ್ರಿ" ಅಂದ್ರು. ನನಗ ಅಳುನೇ ಬಂತು. ತಾರೀಖಿಗೆ ಒಂಬತ್ತೇ ದಿನ ಉಳಿದಿದ್ವು.

ಮರುದಿನ ಅಂಗಡಿ ಮುಚ್ಚಿ ಆಪಾ ನೀಲಿ ಸೈಕಲ್ ಸಮೇತ ನನ್ನ ಜೋಡಿ ಹುಮನಾಬಾದಿಗೆ ಬಂದ್ರು. ಗುಜರಿಯಾವ, "ಮಾರಿದ ಮಾಲು ವಾಪಸ್ ಇಲ್ಲ" ಅಂದ. ನಾ ಸೀದಾ ಅವನ ಬಾಗಲಾಗೇ ಕುಂತೆ. ಬಂದ ಬಂದ ಗಿರಾಕಿಗೆಲ್ಲಾ ಬಿರುಕು ಮುಟ್ಟಿಸಿ ತೋರಿಸಿದೆ. ನಾಕನೇ ಗಿರಾಕಿ ಹೊಳ್ಳಿ ಹೋದ ಮ್ಯಾಲ ಅವ ಕೈ ಮುಗದು, "ಬ್ಯಾರೆದು ಯಾವುದಾದ್ರೂ ತಗೊಂಡು ಹೋಗವ್ವಾ" ಅಂದ.

ಅಷ್ಟರಾಗ ಆಪಾ ರಾಶಿಯೊಳಗಿಂದ ಒಂದು ಹೆಣ್ಮಕ್ಕಳ ಸೈಕಲ್ ಎಳದಿದ್ರು. ತುಕ್ಕು ಹಿಡದು ಮೈತುಂಬ ಜಂಗು, ಸೀಟಿಲ್ಲ, ಹಿಂದಿನ ಗಾಲಿನೂ ಇಲ್ಲ.

"ಇದನ್ನ ಮಣ್ಣು ಮಾಡಬೇಕ್ರಿ, ತುಳೀಲಿಕ್ಕೆ ಬರಂಗಿಲ್ಲ" ಅಂದೆ.

"ಬಾಯಿ ಮುಚ್ಚಿ ದಾರ ಹಿಡೀರಿ."

ದಾರ ಹಿಂದಿನ ಗಾಲಿ ಕೂಡೋ ಖಾಚಿಗೆ ಕಟ್ಟಿ, ಮುಂದಿನ ಕುತ್ತಿಗಿ ಸುತ್ತ ಹಾಯಿಸಿ, ಇನ್ನೊಂದು ಮಗ್ಗಲಿನ ಖಾಚಿಗೆ ಬಿಗದ್ರು. ನಡುವಿನ ಪೈಪಿಗೂ ದಾರಕ್ಕೂ ಈ ಕಡಿ ಎರಡು ಬೆರಳು, ಆ ಕಡಿನೂ ಎರಡು ಬೆರಳು. ಸೊಟ್ಟ ಇಲ್ಲ. ಆಮ್ಯಾಲ ಬುಡಮೇಲು ಮಾಡಿ ಕೊಡವಿದ್ರು. ಸೀಟಿನ ಪೈಪಿನಿಂದ ಒಂದು ಚಿಟಿಕಿ ಒಣಾ ಪುಡಿ ಬಿತ್ತು. ಒಳಗ ಜಂಗು ತಿಂದಿದ್ರ ಚೆಕ್ಕಿ ಚೆಕ್ಕಿ ಬೀಳ್ತಿತ್ತಂತ. ಕಡೀಕ ಪಾನಾದಿಂದ ಬೆಸುಗಿ ಬೆಸುಗಿಗೂ ಬಡದು, ಕಣ್ಣು ಮುಚ್ಚಿ ಕೇಳಿದ್ರು. ಅದರ ಸಪ್ಪಳ ಉದ್ದಕ ಹೋತು. ನೀಲಿ ಸೈಕಲ್ ಬಡದ್ರು, ಥಪ್ ಅಂತ ಸತ್ತು ಹೋತು. ಆ ಫರಕು ನನ್ನಂಥಾ ದಡ್ಡಿಗೂ ತಿಳೀತು. ಜಂಗಿನದೇ ತಂದ್ವಿ.

ಎರಡು ದಿನದಾಗ ಗಾಲಿ, ಸೀಟು ಕೂಡಿಸಿದ್ರು. "ಈಗ ಹ್ಯಾಂಗ ಹೊಡೀಬೇಕು, ತೋರಸ್ರಿ" ಅಂದೆ.

"ನನಗ ಬರಂಗಿಲ್ಲ. ಜನ್ಮದಾಗ ಏರಿಲ್ಲ" ಅಂದ್ರು.

ಇಷ್ಟು ವರ್ಷ ಊರ ಮಂದಿ ಸೈಕಲ್ ತಿದ್ದಿದಾಕಿ! ನಗು ತಡೀಲಿಕ್ಕೆ ಆಗಲಿಲ್ಲ. ಅವರೂ ನಕ್ಕರು. ಆದ್ರ ದಿನಾ ಸಂಜಿಕ ಅಂಗಡಿ ಮುಚ್ಚಿ ಬಂದು ನಮ್ಮ ಕಣದಾಗ ಕ್ಯಾರಿಯರ್ ಹಿಡಕೊಂಡು ಹಿಂದ ಓಡಿದ್ರು, ತೇಕ್ಕೋತ, ಬುರಖಾ ಸಾವರಿಸಿಕೋತ. ಬಿದ್ದು ಬಿದ್ದು ನನ್ನ ಮೊಣಕಾಲು, ಮೊಣಕೈ ಎಲ್ಲಾ ಕಿತ್ತಿದ್ವು. ಅಂಬಾದಾಸ ಬದುವಿನ ಮ್ಯಾಲ ಕುಂತು, "ಮುದುಕೀರಿಗೆ ಹುಚ್ಚು ಹಿಡದದ" ಅಂದ. "ನಕ್ಕೋ, ನಾಳಿಂದ ನಿನ್ನ ಚಾ ನೀನೇ ಕಾಸ್ಕೋ" ಅಂದೆ. ಆರನೇ ದಿನ ಹೊಳ್ಳಿ ನೋಡಿದ್ರ ಆಪಾ ದೂರದಾಗ ಸೊಂಟದ ಮ್ಯಾಲ ಕೈಯಿಟ್ಟು ನಿಂತಿದ್ರು. ನಾ ಒಬ್ಬಾಕೀನೇ ಹೊಂಟಿದ್ದೆ.

ಒಂದನೇ ತಾರೀಖಿಗೆ ಕಲ್ಯಾಣದ ದಾರಿಯ ಇಳಿಜಾರಿನ್ಯಾಗ ಬ್ರೇಕ್ ಹಿಡೀಲಿಕ್ಕೆ ಮರತು ತೆಗ್ಗಿಗೆ ಧಡ್ ಅಂತ ಹೊಡದೆ. ಸೈಕಲ್ ಜಗ್ಗಲಿಲ್ಲ, ಬಗ್ಗಲಿಲ್ಲ. ನಾನೂ ಬೀಳಲಿಲ್ಲ.

ಮೇಡಂ ಎದ್ದು ಬಂದಾಗ ಚಾ ಕುದಿಯಾಕತ್ತಿತ್ತು. ಗಡಿಯಾರ ನೋಡಿದ್ರು, ನನ್ನ ನೋಡಿದ್ರು.

"ಇಷ್ಟು ಲಗೂ ಯಾರು ಬಿಟ್ಟು ಹೋದ್ರು ನಿನ್ನ?"

"ಯಾರೂ ಬಿಟ್ಟಿಲ್ರಿ. ನಾನೇ ಬಂದೀನಿ" ಅಂದೆ.