ನೂಲಿನೊಳಗಿನ ಏಳನೆಯ ಕಾರ್ಡು

ಆಗ ನಮ್ಮ ನವಲಗುಂದದಲ್ಲಿ ಮಕ್ಕಳ ಶ್ರೀಮಂತಿಕೆಯನ್ನು ಅಳೆಯುತ್ತಿದ್ದದ್ದು ಅವರವರ ಡಬ್ಬಿಯಿಂದ. ಗೋಲಿ, ಹುಣಸೆಬೀಜ, ಬೆಂಕಿಪೊಟ್ಟಣದ ಚಿತ್ರ, ಯಾರ ಹತ್ತಿರ ಏನೇನಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ನನಗೂ ಕಾಕಾನ ಮಗ ಈರಣ್ಣನಿಗೂ ಬೇಕಾಗಿದ್ದದ್ದು ಮಾತ್ರ ಅಜ್ಜನ ತಗಡಿನ ಡಬ್ಬಿ.

ಅದರಲ್ಲಿ ಹಳೆಯ ಸಿನಿಮಾ ನಟಿಯರ ಪೋಸ್ಟ್‌ಕಾರ್ಡುಗಳಿದ್ದವು. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ ಅಜ್ಜ ಹತ್ತಿ ಮಾರಲು ಹುಬ್ಬಳ್ಳಿಗೆ ಹೋದಾಗಲೆಲ್ಲ ಒಂದೊಂದೇ ತಂದದ್ದು. ಡಬ್ಬಿ ತೆರೆದರೆ ಕರ್ಪೂರದ ವಾಸನೆ. ಕಾರ್ಡಿನ ಹಿಂದೆ ಒಂದರಿಂದ ಹನ್ನೆರಡರ ತನಕ ಅಂಕಿ. ಏಳನೆಯದು ಮಾತ್ರ ಇರಲಿಲ್ಲ.

ಏಳನೆಯದನ್ನು ಹುಡುಕಿ ತಂದವರಿಗೇ ಡಬ್ಬಿ ಎಂದು ಬೇಸಿಗೆ ಸೂಟಿಯ ಮೊದಲ ದಿನವೇ ಅಜ್ಜ ಸಾರಿಬಿಟ್ಟ. ಈರಣ್ಣ ಅಟ್ಟ ಹತ್ತಿ ಟ್ರಂಕುಗಳನ್ನು ಬುಡಮೇಲು ಮಾಡಿದ. ನಾನು ಅಜ್ಜಿಯ ಜೊತೆ ಶೇಂಗಾ ಸುಲಿಯುತ್ತ ಮೆಲ್ಲಗೆ ಕೇಳಿದೆ. ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಾ ಆಗ ಹೊಸಾ ಸೊಸಿ. ನಿಮ್ಮಜ್ಜ ನನ್ನ ಮಾರಿ ನೋಡೂದು ಬಿಟ್ಟು ಆ ಏಳನೇ ಕಾರ್ಡಿನಾಕಿ ಮಾರಿ ನೋಡ್ತಿದ್ದ. ನೂಲು ಸುತ್ತಾಕ ರಟ್ಟು ಬೇಕಂತ ಬೂಬಮ್ಮ ಕೇಳಿದ್ಲು. ಅಗದಿ ಸಂತೋಷಲೇ ಕೊಟ್ಟೆ."

ಬೂಬಮ್ಮ ನಮ್ಮ ಓಣಿಯಲ್ಲೇ ಜಮಖಾನೆ ನೇಯುವ ಮುದುಕಿ. ಅವಳ ಬುಟ್ಟಿಯ ತುಂಬ ನೂಲು ಸುತ್ತಿದ ರಟ್ಟುಗಳು. ಒಂದರಲ್ಲಿ ಕೆಂಪು ನೂಲಿನ ಅಂಚಿನಿಂದ ಅಲೆಅಲೆಯಾದ ಕೂದಲು ಇಣುಕುತ್ತಿತ್ತು. ಅದು ನನಗೆ ಬೇಕೆಂದೆ. ಆ ಸಲ ಅವಳ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ನೂಲು ಸುತ್ತಿಕೊಡುವ ಕೈ ಬೇಕಾಗಿತ್ತು. ಸೂಟಿ ಮುಗಿಯುವವರೆಗೆ ಸುತ್ತಿಕೊಟ್ಟರೆ ಕಾರ್ಡು ನನ್ನದು ಎಂದಳು.

"ಆದ್ರ ಮಗ್ಗದ ಕಡೆ ಬೆನ್ನ ಮಾಡಿ ಕೂಡಬೇಕು. ತಿರುಗಿ ನೋಡಿದ್ರ ಕಾರ್ಡಿಲ್ಲ. ನನ್ನ ಮಗಳಿಗೂ ಈ ನೇಯ್ಗಿ ತೋರಿಸಿಲ್ಲ ನಾ. ಮಗಳು ಬ್ಯಾರೆ ಮನಿಗೆ ಹೋಗ್ತಾಳ, ಸೊಸಿ ಇಲ್ಲೇ ಇರ್ತಾಳ."

ಗೋಡೆ ನೋಡುತ್ತ ಕೂತೆ. ಹಿಂದೆ ನೂಲು ಬಡಿದು ಕೂರಿಸುವ ಕಬ್ಬಿಣದ ಹಣಿಗೆ ಧಪ್ ಧಪ್ ಎಂದು ಬೀಳುತ್ತಿತ್ತು. ಬಣ್ಣದ ಹಸಿ ವಾಸನೆ ಮೂಗಿಗೆ ಅಡರುತ್ತಿತ್ತು. ನಾಲ್ಕನೆಯ ದಿನ ಈರಣ್ಣ ವಾಸನೆ ಹಿಡಿದು ಬಂದು ತಾನೂ ಸುತ್ತುತ್ತೇನೆಂದ. ಕೂತ ಹತ್ತು ನಿಮಿಷಕ್ಕೇ ಅವನ ಕುತ್ತಿಗೆ ತಿರುಗಿತು. ಬೂಬಮ್ಮ ಅವನ ಕಿವಿ ಹಿಡಿದು ಹೊರಗೆ ಬಿಟ್ಟು ಬಂದಳು. ಅಂದಿನಿಂದ ಅವನು ಕಿಟಕಿಯಾಚೆ ನಿಂತು ನನಗೆ ಆಸೆ ಹಚ್ಚತೊಡಗಿದ.

"ಲೇ, ನವಿಲು ನೇಯಾಕತ್ತಾಳ. ಒಮ್ಮಿ ನೋಡ, ಎಷ್ಟ ಚಂದ ಐತಿ."

ನನಗೆ ಕುತ್ತಿಗೆಯೆಲ್ಲ ತುರಿಸಿದಂತಾಗುತ್ತಿತ್ತು. ಬೂಬಮ್ಮ ಬೇರೆ "ನವಿಲಿನ ಕುತ್ತಿಗಿ ಆತು" ಎಂದು ತನ್ನಷ್ಟಕ್ಕೆ ಗೊಣಗುವವಳು. ಅವಳು ಕೊಟ್ಟ ಬೆಲ್ಲ ಶೇಂಗಾ ಜಗಿಯುತ್ತ ಗೋಡೆಯ ಬಿರುಕು ಎಣಿಸಿದೆ, ತಿರುಗಲಿಲ್ಲ. ಹಟದಲ್ಲಿ ನಾನು ಅಜ್ಜಿಯ ಮೊಮ್ಮಗಳೇ.

ಸೂಟಿಯ ಕಡೆಯ ದಿನ ಕೆಂಪು ನೂಲು ಬಿಚ್ಚಿ ಕಾರ್ಡನ್ನು ಕೈಗೆ ಕೊಟ್ಟಳು. ಬರಿಗಾಲಲ್ಲಿ, ಕಾದ ನೆಲದ ಮೇಲೆ ಓಡಿದೆ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಐವತ್ತು ವರ್ಷವಾದರೂ ಇವಳಿಗೆ ವಯಸ್ಸಾಗಿಲ್ಲ ಎಂದ.

"ನನ್ನೂ ನೂಲಿನಾಗ ಸುತ್ತಿ ಇಟ್ಟಿದ್ರ ನನಗೂ ಆಗ್ತಿದ್ದಿಲ್ಲ," ಎಂದಳು ಅಜ್ಜಿ ಒಳಗಿನಿಂದ.

ಅಜ್ಜ ನಗುತ್ತ ಡಬ್ಬಿಯನ್ನು ನನ್ನ ಮಡಿಲಿಗಿಟ್ಟ. ಅದನ್ನು ಎದೆಗವಚಿಕೊಂಡು ಈರಣ್ಣನ ಮುಂದೆ ಓಣಿಯಲ್ಲಿ ಮೂರು ಸುತ್ತು ಹಾಕಿದೆ. ಆ ಸಂಜೆ ನನ್ನಷ್ಟು ಸುಖಿ ನವಲಗುಂದದಲ್ಲಿ ಇನ್ನೊಬ್ಬರಿರಲಿಲ್ಲ. ಆಮೇಲೆ ಎಷ್ಟೋ ಗೆದ್ದಿದ್ದೇನೆ, ಯಾವುದಕ್ಕೂ ಆ ರುಚಿ ಇಲ್ಲ.

ಡಬ್ಬಿ ಈಗಲೂ ನನ್ನ ಹತ್ತಿರ ಇದೆ, ಹನ್ನೆರಡೂ ಕಾರ್ಡು ಇವೆ. ಏಳನೆಯವಳ ಕೆನ್ನೆಯ ಮೇಲೆ ನೂಲಿನ ಗೆರೆಗಳು ಹಾಗೇ ಉಳಿದಿವೆ. ಬೂಬಮ್ಮ ಹೋದಳು, ಅವಳ ಸೊಸೆಯೂ ತೀರಿಕೊಂಡಳು. ಮೊಮ್ಮಗನ ಹೆಂಡತಿ ಮಗ್ಗಕ್ಕೆ ಕೂಡಲಿಲ್ಲ, ಆ ನೇಯ್ಗೆ ಅಲ್ಲಿಗೇ ನಿಂತಿತು. ಹೋದ ವರ್ಷ ಅವಳ ಮಗಳು ನಮ್ಮ ಮನೆಗೆ ಬಂದಿದ್ದಳು. ಮುತ್ತಜ್ಜಿಯ ಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಕೂತಿದ್ದಿರಂತಲ್ಲ, ಆ ನವಿಲನ್ನು ಹೇಗೆ ನೇಯುತ್ತಿದ್ದಳು ಹೇಳಿರಿ ಎಂದಳು.

ನಾನು ಡಬ್ಬಿ ತೆರೆದು ಏಳನೆಯ ಕಾರ್ಡು ತೋರಿಸಿದೆ. ತೋರಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ.