ನಾರಿನ ಹುರಿ ಎಳೆದ ಲಾರಿ

ಗಂಗಣ್ಣ, ನಿನ್ನ ಲಾರಿಯನ್ನು ಬಲಕ್ಕೆ ತಿರುಗಿಸಿ ಬಸವಯ್ಯನ ಗಾಡಿಗೆ ಗುದ್ದಿಸಿದವನು ನಾನು — ರಸ್ತೆಯಲ್ಲಲ್ಲ, ಟೀವಿಯಲ್ಲಿ. ಅದೇ ನಿಜವೆಂದು ಹೇಳಿದವನೂ ನಾನೇ. ನೀನು ತೀರಿಕೊಂಡ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ. ಹೊತ್ತು ಹೊತ್ತು ಸಾಕಾಗಿದೆ.

ಹುಳಿಯಾರು ರಸ್ತೆಯ ಆ ಅಪಘಾತದ ದಿನ ನಾನು ನಿನ್ನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ನೀನು ಎಡಕ್ಕೇ ಇದ್ದೆ. ಎತ್ತುಗಳು ಬೆದರಿ ಗಾಡಿಯನ್ನು ಅಡ್ಡ ಎಳೆದವು. ಬಸವಯ್ಯ ಹೋದ. ನಿನ್ನ ತಪ್ಪಿಲ್ಲವೆಂದು ಕೋರ್ಟು ಹೇಳಿತು, ಅವನ ಹೆಂಡತಿ ಪುಟ್ಟಮ್ಮನೂ ನಂಬಿದಳು. ಆಮೇಲೂ ತನ್ನ ಕೊಬ್ಬರಿಯನ್ನು ನಿನ್ನ ಲಾರಿಗೇ ಹೇರಿಸುತ್ತಿದ್ದಳು — ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿತ್ತೇ?

ಎಂಬತ್ತರ ದಶಕದಲ್ಲಿ ಧಾರಾವಾಹಿಯವರು ತಿಪಟೂರಿಗೆ ಬಂದರು. ಲಾರಿಗೆ ಗಾಡಿ ಅಡ್ಡ ಬಂದು ಡಿಕ್ಕಿಯಾಗುವ ದೃಶ್ಯ ಬೇಕಿತ್ತು. ನಿಜವಾದ ಲಾರಿ ಒಡೆಯಲಾದೀತೇ? ನಾಟಕದ ಪರದೆ ಬರೆಯುತ್ತಿದ್ದ ನನ್ನನ್ನು ಹಿಡಿದರು. ನಿನ್ನ ಲಾರಿಯನ್ನೇ ಅಳೆದು ಮೊಳದುದ್ದದ ಬೊಂಬೆ ಲಾರಿ ಮಾಡಿದೆ — ಹಸಿರು ಬಾಡಿ, ಹಣೆಯ ಮೇಲೆ ಎರಡು ಗಿಳಿ. ಟೇಪಿನ ಇನ್ನೊಂದು ತುದಿ ಹಿಡಿದು ನಗುತ್ತಿದ್ದವನು ನೀನೇ.

ಎಳೆಯಲು ಅವರು ತೆಳ್ಳನೆ ತಂತಿ ಕೊಟ್ಟಿದ್ದರು. ತಂತಿ ಹೊಳೆಯುತ್ತೆ, ನಮ್ಮ ತೆಂಗಿನ ನಾರಿನ ಹುರಿಯಾದರೆ ಮಣ್ಣಲ್ಲಿ ಕಾಣುವುದಿಲ್ಲ ಎಂದು ಜಂಬದಿಂದ ಹೇಳಿದೆ. ಧೂಳು ಕೂರಲೆಂದು ಆ ಪುಟ್ಟ ರಸ್ತೆಗೆ ನೀರೂ ಚಿಮುಕಿಸಿದೆ. ನೆನೆದ ಹುರಿ ಉಬ್ಬಿ ಮಣ್ಣಲ್ಲಿ ಕಚ್ಚಿಕೊಂಡಿತು. ನೆಟ್ಟಗೆ ಹೋಗಬೇಕಿದ್ದ ಲಾರಿ ಬಲಕ್ಕೆ ಹೊರಳಿ ಗಾಡಿಯನ್ನು ಪುಡಿ ಮಾಡಿತು. ಇನ್ನೊಂದು ಲಾರಿ ಮಾಡಿರಲಿಲ್ಲ. "ಚೆನ್ನಾಗೇ ಬಂತು, ಇರಲಿ" ಎಂದರು ನಿರ್ದೇಶಕರು. ನಾನು ಬಾಯಿ ಮುಚ್ಚಿಕೊಂಡೆ.

ನಮ್ಮೂರು ಕಂದಿಕೆರೆಯಲ್ಲಿ ಆಗ ಇದ್ದದ್ದು ಒಂದೇ ಟೀವಿ. ಆ ಕಂತು ಬಂದ ದಿನ, ಲೋಡು ಹೇರಿಕೊಂಡು ಹೋಗಿದ್ದ ನಿನ್ನೊಬ್ಬನನ್ನು ಬಿಟ್ಟು ಊರೆಲ್ಲ ಅದರ ಮುಂದೆ. "ಥೇಟ್ ಗಂಗಣ್ಣನ್ ಲಾರಿನೇ ಕಣ್ಲಾ!" ಎಂದು ಬೆನ್ನು ತಟ್ಟಿದರು — ನನ್ನ ಕಾಲು ನೆಲದ ಮೇಲಿರಲಿಲ್ಲ. ಪುಟ್ಟಮ್ಮ ಎದ್ದು ನಿಂತಳು.

"ನೀನೂ ಲಾರೀಲಿದ್ದಲ್ಲಪ್ಪ. ಹಿಂಗೇನಾ ಆಗಿದ್ದು?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ನನ್ನ ಕೆಲಸ ಕೆಟ್ಟಿತೆಂದು ಅಷ್ಟು ಜನರೆದುರು ಒಪ್ಪಬೇಕಿತ್ತು —

"ಹೆಚ್ಚುಕಮ್ಮಿ ಹಿಂಗೇ ಕಣಮ್ಮ" ಎಂದೆ.

ಅಷ್ಟೇ. ಪುಟ್ಟಮ್ಮ ನಿನ್ನ ಲಾರಿಗೆ ಕೊಬ್ಬರಿ ಹೇರಿಸುವುದನ್ನು ನಿಲ್ಲಿಸಿದಳು, ಅವಳನ್ನು ನೋಡಿ ಊರೂ ನಿಲ್ಲಿಸಿತು. ಲಾರಿ ಮಾಲೀಕ ನಿನ್ನಿಂದ ಕೀ ಕಿತ್ತುಕೊಂಡ. ಕಂಡವರ ತೋಟದಲ್ಲಿ ಕಾಯಿ ಸುಲಿಯಲು ಹೋದೆ ನೀನು. ಒಮ್ಮೆ ಎದುರು ಸಿಕ್ಕಿ ನನಗೇ ಸಮಾಧಾನ ಹೇಳಿದೆ: "ಟೀವಿಯೋರು ಹಂಗ್ ತೋರ್ಸುದ್ರೆ ನೀನೇನ್ ಮಾಡ್ತೀಯ, ಬುಡು." ನಾನು ಏನು ಹೇಳಿದ್ದೆನೆಂದು ನಿನಗೆ ಗೊತ್ತೇ ಇರಲಿಲ್ಲ. ಆಗಲೂ ಹೇಳಲಿಲ್ಲ, ಪಾಪಿ ನಾನು.

ಇವತ್ತು ಪುಟ್ಟಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಇಷ್ಟೇ ಅಂದಳು:

"ಗಂಗಣ್ಣ ಸಾಯೋ ಮುಂಚೆ ಒಂದಿನ ಬಂದಿದ್ದ ಕಣಪ್ಪ. ನೀರು ಕೇಳ್ದ. ನಾನು ಕೊಡ್ನಿಲ್ಲ."